ಒಂದೂವರೆ ಸುತ್ತು

ನನ್ನದು ಹಲ್ಲು ಕಟ್ಟುವ ಕೆಲಸ.
ಸರಸ್ವತಿಪುರಂ ಲ್ಯಾಬಿನಲ್ಲಿ ಹದಿನೆಂಟು ವರ್ಷದಿಂದ
ಮುಖ ಕಾಣದ ಬಾಯಿಗಳಿಗೆ ಮೇಣ ತೀಡುತ್ತೇನೆ.
ಆದರೂ ನನ್ನ ಸೈಕಲ್ಲಿನ ಹಲ್ಲು ಸವೆದದ್ದು
ನನಗೇ ತಿಳಿಯಲಿಲ್ಲ.

ತಿಳಿದದ್ದು ಅಶೋಕಪುರಂ ಮೂಲೆಯ ಪುಟ್ಟಬುದ್ಧಿಯವರಿಗೆ.
ರೈಲ್ವೆ ವರ್ಕ್‌ಶಾಪಿನಿಂದ ರಿಟೈರಾಗಿ
ಹೊಂಗೆ ಮರದ ಕೊಂಬೆಗೆ ಸೈಕಲ್ ನೇತುಹಾಕಿ
ರಿಪೇರಿ ಮಾಡುವವರು.
ಚೈನಿಗೆ ಅಳತೆಕಡ್ಡಿ ಇಟ್ಟರು.
ಅಡುಗೆಮನೆಗೆ ಬೆಕ್ಕು ನುಗ್ಗುವ ಹಾಗೆ
ಸಲೀಸಾಗಿ ಒಳಗಿಳಿಯಿತು ಅದು.

"ಚೈನು ಉದ್ದ ಆಗದೆ ಕಣವ್ವ.
ಹಿಂದ್ಲು ಹಲ್ಲು ನೋಡು, ಬಾಗಿ ಬಾಗಿ
ಹಾವಿನ ಕೋರೆ ಆಗವೆ.
ಬೆಟ್ಟ ಹತ್ತೋವಾಗ ಯಾವ ಗೇರು?"

"ಮುಂದೆ ದೊಡ್ಡದು. ಹಿಂದೆಯೂ ದೊಡ್ಡದು."
ನಿಜ ಹೇಳಿದೆ. ಮುಂದಿನದನ್ನು ಇಳಿಸುವುದೆಂದರೆ
ಬೆಟ್ಟಕ್ಕೆ ಸೋತೆ ಎಂದು
ಬರೆದುಕೊಟ್ಟಂತೆ ನನಗೆ.
ಎಡಗೈ ಹೆಬ್ಬೆರಳು ಎರಡು ವರ್ಷದಿಂದ
ಹಿಡಿಯ ಮೇಲೆ ಸುಮ್ಮನೆ ಮಲಗಿತ್ತು.

ಚಪ್ಪಡಿ ಕಲ್ಲಿನ ಮೇಲೆ ಸೀಮೆಸುಣ್ಣದಲ್ಲಿ ಬರೆದರು:
ನಲವತ್ತೆರಡಕ್ಕೆ ಇಪ್ಪತ್ತೆಂಟು
ಮೂವತ್ತನಾಲ್ಕಕ್ಕೆ ಇಪ್ಪತ್ತೆರಡು
ಇಪ್ಪತ್ತನಾಲ್ಕಕ್ಕೆ ಹದಿನಾರು
"ಭಾಗ್ಸು."

ಭಾಗಿಸಿದೆ. ಒಂದೂವರೆ.
ಒಂದೂವರೆಯ ಮೇಲೆ ಕೂದಲೆಳೆಯಷ್ಟು.
ಮತ್ತೆ ಒಂದೂವರೆ.
ಪೆಡಲ್ ಒಂದು ಸುತ್ತು ಬಂದರೆ
ಚಕ್ರ ಒಂದೂವರೆ ಸುತ್ತು, ಮೂರರಲ್ಲೂ.

"ಕಾಲಿಗೆ ಮೂರೂ ಒಂದೇ. ಚೈನಿಗೆ ಹಂಗಲ್ಲ.
ಮೊದಲ್ನೇದ್ರಲ್ಲಿ ಹೊರಗಿಂದ ಒಳಕ್ಕೆ ಸೊಟ್ಟ ಎಳೀತದೆ,
ಕೊನೇದ್ರಲ್ಲಿ ಒಳಗಿಂದ ಹೊರಕ್ಕೆ.
ನಡುವಿಂದೂ ಪೂರ್ತಿ ನೇರ ಅಲ್ಲ, ಸುಳ್ಳು ಯಾಕೆ,
ಆದ್ರೆ ಹೊಂದ್ಕತದೆ."

ಕತ್ತು ತಿರುಚಿಕೊಂಡೇ ಎರಡು ವರ್ಷ
ನನ್ನನ್ನು ಬೆಟ್ಟಕ್ಕೆ ಹತ್ತಿಸಿದ ಆ ಚೈನನ್ನು
ನ್ಯೂಸ್‌ಪೇಪರಿನ ಮೇಲೆ ಮಲಗಿಸಿದರು.
ಹಿಂದಿನ ಹಲ್ಲುಚಕ್ರಗಳೂ ಹೋಗಬೇಕಂತೆ,
ಹಳೇ ಚೈನು ತಿಂದ ಹಲ್ಲಿನ ಮೇಲೆ
ಹೊಸದು ಕೂರದೆ ಜಿಗಿಯುತ್ತದಂತೆ.
"ದೀಪಾವಳಿ ಹೊತ್ಗೆ ಬಂದಿದ್ರೆ ಬರೀ ಚೈನಲ್ಲಿ ಮುಗೀತಿತ್ತು."
ಸಾವಿರದ ಆರುನೂರು ರೂಪಾಯಿ.
ದುಡ್ಡಿನ ಜೊತೆಗೆ ಇಷ್ಟು ಮಾತು ಪುಕ್ಕಟೆ:

ಏರು ಕಣ್ಣಿಗೆ ಬಿದ್ದಾಗಲೇ ಬದಲಿಸು,
ತೊಡೆ ಕೂಗೋವರೆಗೆ ಕಾಯಬೇಡ.
ಬದಲಿಸೋ ಗಳಿಗೇಲಿ ಕಾಲು ಹಗುರ ಮಾಡು,
ಮಲಗಿದ ಕೂಸಿನ ಪಕ್ಕದಿಂದ ಏಳ್ತೀಯಲ್ಲ, ಹಂಗೆ.

ಭಾನುವಾರ ಬೆಳಗಿನ ಐದೂವರೆ.
ತಾವರೆಕಟ್ಟೆ ದಾಟಿದರೆ ರಸ್ತೆ ಮೂತಿ ಎತ್ತುತ್ತದೆ.
ಎತ್ತುವ ಮುಂಚೆಯೇ ಹೆಬ್ಬೆರಳು ಎದ್ದಿತು.
ಅರ್ಧ ಸುತ್ತು ಬಲವಿಲ್ಲದೆ ತುಳಿದೆ.
ಟಿಕ್.
ಏನೂ ಸೋಲಲಿಲ್ಲ. ಸದ್ದು ನಿಂತಿತು, ಅಷ್ಟೆ.
ಇಷ್ಟು ದಿನ ಬೆಟ್ಟದ ಸದ್ದು ಅಂದುಕೊಂಡಿದ್ದ
ಆ ಕರಕರ ಇಲ್ಲದೆ
ನಂದಿಯವರೆಗೆ ನನ್ನ ಉಸಿರು ನನಗೇ ಕೇಳಿಸುತ್ತಾ ಹೋಯಿತು.

ಬುಧವಾರ ಮೇಜಿಗೊಂದು ಪ್ಲಾಸ್ಟರ್ ಅಚ್ಚು ಬಂತು.
ಚೀಟಿಯಲ್ಲಿ: ಪುಟ್ಟಬುದ್ಧಿ, ೬೭, ಕೆಳದವಡೆ.
ಬಲಗಡೆ ಹಲ್ಲು ತೇದು ತೇದು ಚಪ್ಪಟೆ,
ಎಡಗಡೆ ಉಳಿದೆರಡು
ನಿನ್ನೆ ಮೊಳೆತಂತೆ ಚೂಪು.
ಎಲೆ ಅಡಿಕೆ, ಹುರಿಗಡಲೆ, ಮೂಳೆ,
ಜೀವಮಾನವೆಲ್ಲ ಒಂದೇ ಕಡೆ.
ಅಚ್ಚು ತಿರುಗಿಸಿ ತಿರುಗಿಸಿ ನೋಡಿದೆ,
ಬೇರೆಯವರ ಮನೆಗೆ ಹೇಳದೆ ನುಗ್ಗಿದ ನಾಚಿಕೆಯಲ್ಲಿ.

ಸಂಜೆ ಹೊಂಗೆ ಮರದ ಕೆಳಗೆ ಹೇಳಿಯೇಬಿಟ್ಟೆ.
ಗ್ರೀಸಿನ ಕೈ ಬಾಯಿಗೆ ಅಡ್ಡ ಹಿಡಿದು ನಕ್ಕರು.
"ಹೂ ಕಣವ್ವ. ನಂದೂ ಎಡಗಡೆ ಗೇರು
ಹಾಕೋದೇ ಮರ್ತೋಗಿತ್ತು."

ಹೊಸ ಹಲ್ಲು ಸೋಮವಾರ ಅಂದೆ.
ನಿನ್ನ ಚೈನಿಗೆ ಆಗ್ಲೇ ಧೂಳು ಅಂದರು.
ಬಟ್ಟೆ ಕೊಟ್ಟರು. ಒರೆಸುತ್ತಾ ಕೂತೆ.